ಸೇತುವೆಯ ಆಚೆ ಏನಿತ್ತು ಅಂದರೆ

ಪ್ರೀತಿಯ ಕಾಕಾ,

ಕೂತಲ್ಲಿ ಕೂರಲಾಗುತ್ತಿಲ್ಲ. ನಿನಗೊಂದು ಸುದ್ದಿ ಹೇಳದೆ ಇವತ್ತು ನನಗೆ ಊಟ ಸೇರುವುದಿಲ್ಲ.

ಕುಂದಗೋಳದ ಸಂತೆಯಲ್ಲಿ ನೀನು ಬೆಲ್ಲ ಮಾರುತ್ತಿದ್ದೆ. ಯಾರೇ ಬರಲಿ, ಮೊದಲು ಒಂದು ಚೂರು ಕೈಗಿಟ್ಟು, "ರುಚಿ ನೋಡ್ರಿ, ಆಮ್ಯಾಲೆ ಮಾತಾಡೂಣು" ಅನ್ನುತ್ತಿದ್ದೆ. ರಾಜೇಸಾಬ ಹುಬ್ಬಳ್ಳಿಯಿಂದ ವಿಡಿಯೋ ಗೇಮಿನ ಪೆಟ್ಟಿಗೆ ತಂದು ತನ್ನ ಚಹಾದಂಗಡಿಯಲ್ಲಿ ಇಟ್ಟಾಗಲೂ ಅದನ್ನೇ ಕೇಳಿದೆ: "ರುಚಿ ತೋರಸ್ತೀಯೇನಪಾ?" ಅವನು ನಕ್ಕು ಪರದೆಯತ್ತ ಕೈ ಮಾಡಿದ. ಯಾರೂ ನಾಣ್ಯ ಹಾಕದಿದ್ದರೂ ಅದರಲ್ಲಿ ಕಾರೊಂದು ತಾನೇ ಓಡುತ್ತಿತ್ತು, ಪುಕ್ಕಟೆ. ಸೇತುವೆಯ ತನಕ ಹೋಗಿ, ಕಂಬಕ್ಕೆ ಬಡಿದು ಚೂರಾಗಿ, ಮತ್ತೆ ಮೊದಲಿಂದ. ಅವನು ಅದನ್ನು ಡೆಮೊ ಅಂದ. ನೀನು ಕೊನೆಯವರೆಗೂ ರುಚಿ ಅಂತಲೇ ಕರೆದೆ.

ಸಂತೆ ಮುಗಿದ ಮೇಲೆ ನನ್ನನ್ನೂ ಎಳೆದುಕೊಂಡು ಹೋಗಿ ಅದರ ಮುಂದೆ ನಿಲ್ಲುತ್ತಿದ್ದೆಯಲ್ಲ! ಎಲ್ಲೋ ಒಳಗೆ ಕೂತು ಯಾರೋ ಆಡುತ್ತಿದ್ದಾರೆ ಅನ್ನುವುದು ನಿನ್ನ ನಂಬಿಕೆ. "ಎಡಕ್ಕ ಹೊಳ್ಳಸಲೇ! ಕಂಬ ಕಾಣೂದಿಲ್ಲೇನು?" ಅಂಗಡಿಯೆಲ್ಲ ನಗುತ್ತಿತ್ತು. ನನಗೋ ನಾಚಿಕೆ. "ನೀವ ಹೊಳ್ಳಸ್ರಿ ಕಾಕಾರ" ಎಂದು ರಾಜೇಸಾಬ ಕರೆದರೆ, "ತಡಿಯೋ, ರುಚಿ ನೋಡೂದು ಇನ್ನೂ ಮುಗದಿಲ್ಲ" ಅನ್ನುತ್ತಿದ್ದೆ.

ಅದೇ ಆಟದ ಎರಡನೇ ಭಾಗ ಬಂದ ದಿನ ಬೆಲ್ಲದ ಬುಟ್ಟಿ ನನಗೆ ಬಿಟ್ಟು ಓಡಿದ್ದೆ. ಕಾರಿನ ಬಣ್ಣ ಬೇರೆ, ಆದರೆ ಬಡಿದದ್ದು ಅದೇ ಕಂಬಕ್ಕೆ. "ಶಾರಿ, ಆಚಿಗೆ ಏನೈತಿ ಅಂತ ನೋಡದ..." ಅಂದೆ, ಮಾತು ಮುಗಿಸಲಿಲ್ಲ. ಮುಂದಿನ ಸಂತೆಗೆ ನೀನೇ ಇರಲಿಲ್ಲ. ಎದೆನೋವು ಅಂದವನು ಆಸ್ಪತ್ರೆ ಮುಟ್ಟುವುದರೊಳಗೆ... ಅಷ್ಟು ಅವಸರ ಏನಿತ್ತು ಕಾಕಾ? ಎಲ್ಲರಿಗೂ ತಡೀರಿ ತಡೀರಿ ಅನ್ನುತ್ತಿದ್ದವನು ನೀನೇ ಅಲ್ಲವೇ?

ಇವತ್ತು ನಾನೇ ನಾಣ್ಯ ಹಾಕಿದೆ. ಹುಡುಗಿ ಆಡುತ್ತಾಳೆಂದು ಎಲ್ಲ ತಿರುಗಿ ನೋಡಿದರು. ನೋಡಲಿ. ಮೊದಲು ನಾನೂ ಕಂಬಕ್ಕೇ ಬಡಿದೆ. ಆಮೇಲೆ ನೀನು ಹೇಳುತ್ತಿದ್ದಂತೆ ಎಡಕ್ಕೆ ತಿರುಗಿಸಿದೆ. ದಾಟಿತು ಕಾಕಾ! ಆಚೆ ಏನಿತ್ತು ಗೊತ್ತೇ? ಅದೇ ಮೊದಲಿನ ರಸ್ತೆ, ಅವೇ ಮರಗಳು. ವೇಗ ಮಾತ್ರ ಹೆಚ್ಚು. ಇಷ್ಟಕ್ಕೇ ನೀನು ಅಷ್ಟು ಒದ್ದಾಡಿದೆಯಾ? ಸಿಟ್ಟು ಬಂತು, ಅಳುವೂ ಬಂತು. ಕೈ ಬಿಟ್ಟೆ. ಕಾರು ಚೂರಾಯಿತು, ಪುಕ್ಕಟೆ ಆಟ ಮತ್ತೆ ಶುರುವಾಯಿತು. ಸೇತುವೆ ಹತ್ತಿರ ಬಂತು.

"ಎಡಕ್ಕ ಹೊಳ್ಳಸಲೇ!"

ಕೂಗಿದವಳು ನಾನು. ಈ ಸಲ ಯಾರೂ ನಗಲಿಲ್ಲ ಕಾಕಾ.

ನಿನ್ನ ಶಾರಿ