ಒಂದನೇ ನಂಬರಿನ ಮೂರು ಮೀಟರುಗಳು

ಚಿತ್ರದುರ್ಗ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಮಮತಾ,

ಹೇಗಿದ್ದೀಯಮ್ಮಾ? ಕೆಮ್ಮು ಬಿಟ್ಟಿತಾ? ಬಳ್ಳಾರಿ ಧೂಳಿಗೆ ಬೆಲ್ಲ, ಮೆಣಸು ಒಳ್ಳೆಯದು ಅಂತ ನಿಮ್ಮಮ್ಮ ಪೊಟ್ಟಣ ಕಟ್ಟಿದ್ದಾಳೆ. ಅದು ಬಸ್ಸಿನಲ್ಲಿ ಕಳಿಸುತ್ತಿರುವ ಈ ಡಬ್ಬಿಯ ಅಡಿಯಲ್ಲಿದೆ, ಮೇಲಿನ ಶೇಂಗಾ ಚಟ್ನಿಪುಡಿ ಖಾಲಿಯಾಗಲಿ ಅಂತ ಕಾಯಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ನಿಮ್ಮಮ್ಮ ಕೆಲಸ ಹೇಳಿದಾಗ ಮಾತ್ರ ಬರುತ್ತದೆ.

ಡಬ್ಬಿಯೊಳಗೆ ಕಾಗದ ಯಾಕೆ ಅಂತೀಯಾ? ಮೊನ್ನೆಯಿಂದ ನಿನಗೆ ಹನ್ನೊಂದು ವಾಯ್ಸ್ ನೋಟ್ ರೆಕಾರ್ಡ್ ಮಾಡಿದೆ, ಒಂದನ್ನೂ ಕಳಿಸಲಿಲ್ಲ. “ಅಪ್ಪಾ, ನಿನ್ ವಾಯ್ಸ್ ನೋಟ್ ಕೇಳಕೆ ನಾನು ಒಂದಿನ ರಜಾ ಹಾಕ್ಬೇಕು” ಅಂದಿದ್ದೆಯಲ್ಲ, ಅದು ನೆನಪಾಯಿತು. ಅದಕ್ಕೆ ನನ್ನ ಮಾತು ನಾನೇ ಕೇಳಿಸಿಕೊಂಡು, ಎರಡೆರಡು ಸಲ ಹೇಳಿದ್ದನ್ನು ಬಿಟ್ಟು ಬರೆಯುತ್ತಿದ್ದೇನೆ. ವಿಷಯಕ್ಕೆ ಬರುವ ಮುಂಚೆ ನಾನು ಎಷ್ಟು ಊರು ಸುತ್ತುತ್ತೇನೆ ಅನ್ನುವುದು ಐವತ್ತನೇ ವಯಸ್ಸಿಗೆ ಗೊತ್ತಾಯಿತು ನೋಡು. ನಿಮ್ಮಮ್ಮ ಇಷ್ಟು ವರ್ಷ ಹೇಗೆ ತಡೆದುಕೊಂಡಳೋ!

ದಸರೆಗೆ ಬಂದಾಗ ನೀನು ಕೇಳಿದ ಮಾತಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ, ಮರೆತಿಲ್ಲ. “ಬಳ್ಳಾರ್ಯಾಗೆ ಟ್ರೈನಿಂಗ್ ಮುಗೀತೈತೆ. ಪುಣೆ ಕಂಪನಿಯೋರು ನವೆಂಬರ್ ಇಪ್ಪತ್ತರೊಳಗೆ ಹೇಳು ಅಂದಾರೆ. ನಾನು ನಮ್ಮ ಅಂಗ್ಡಿಗೇ ಬರ್ತೀನಿ ಅಪ್ಪಾ. ಆದ್ರೆ ಫೋನ್ ಎತ್ತಕೆ, ಬಿಲ್ ಬರಿಯಕೆ ಅಲ್ಲ. ಮೀಟ್ರು ಜೋಡ್ಸಕೆ, ಸೈಟಿಗೆ ಹೋಗಕೆ” ಅಂದೆ. ನಾನು “ನೋಡಾಣ ತಡಿಯವ್ವ” ಅಂದವನೇ, ಚಂದ್ರವಳ್ಳಿಗೆ ಹೋಗಾಣ ಬಾ ಅಂತ ಮಾತು ತಿರುಗಿಸಿದೆ. ಆ ಉತ್ತರಕ್ಕೇ ಬರುತ್ತಿದ್ದೇನೆ. ದಾರಿಯಲ್ಲಿ ಹಿರಿಯೂರು ಸಿಗುತ್ತದೆ, ಅಲ್ಲಿ ಸ್ವಲ್ಪ ಇಳಿಯೋಣ.

ಅಲ್ಲಿ ಅಕ್ಕ ಏಕನಾಥಮ್ಮ, ತಮ್ಮಂದಿರು ಪಂಚಾಕ್ಷರಪ್ಪ ಮತ್ತು ಹಾಲೇಶ್ ಸೇರಿ ನಡೆಸುವ ಕೊಬ್ಬರಿ ಎಣ್ಣೆ ಮಿಲ್ಲು ಇದೆ. ಕೊಬ್ಬರಿ ಒಣಗಿಸುವ ಬಿಸಿಗಾಳಿ ಕೋಣೆ ಮೂರು, ಒಬ್ಬೊಬ್ಬರ ಉಸ್ತುವಾರಿಗೆ ಒಂದೊಂದು. ಪ್ರತಿ ಕೋಣೆಯ ಪ್ಯಾನಲ್ಲಿಗೂ ಶಾಖ ತೋರಿಸುವ ಹೊಸ ಮೀಟರ್ ಕೂರಿಸಬೇಕು, ಅದು ಹೇಳಿದಂತೆ ಫ್ಯಾನು ಓಡಬೇಕು, ಮೂರು ಕೋಣೆಗಳ ಶಾಖವೂ ಆಫೀಸಿನ ಕಂಪ್ಯೂಟರಿನಲ್ಲಿ ಕಾಣಬೇಕು. ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ.

ಫ್ಯಾನಿನ ಕೆಲಸ ನನ್ನ ಕಾಲದ್ದು. ಮೀಟರಿನಿಂದ ಫ್ಯಾನಿನ ವೇಗ ಏರಿಸಿ ಇಳಿಸುವ ಡ್ರೈವಿಗೆ ಎರಡು ತಂತಿ, ಸೊನ್ನೆ ಡಿಗ್ರಿಗೆ ನಾಲ್ಕು ಮಿಲಿಆಂಪ್ ಕರೆಂಟು, ನೂರಕ್ಕೆ ಇಪ್ಪತ್ತು, ನಡುವೆ ಐವತ್ತಕ್ಕೆ ಹನ್ನೆರಡು. ಸೊನ್ನೆಯಿಂದ ಶುರು ಮಾಡದೆ ನಾಲ್ಕರಿಂದ ಯಾಕೆ ಅಂತ ನೀನು ಎಂಟನೇ ಕ್ಲಾಸಿನಲ್ಲಿ ಕೇಳಿದ್ದೆ. “ಏನೂ ಇಲ್ಲ ಅಂತ ಹೇಳಕೂ ಉಸ್ರು ಬೇಕಲ್ಲವ್ವ” ಅಂದಿದ್ದೆ. ತಂತಿ ಕಡಿದುಹೋದಾಗ ಮಾತ್ರ ಪೂರ್ತಿ ಸೊನ್ನೆ. ಮೀಟರ್ ಕಂಪನಿಯವರು ಸೊನ್ನೆಯಿಂದ ಇಪ್ಪತ್ತಕ್ಕೆ ಇಟ್ಟು ಕಳಿಸಿದ್ದನ್ನು ನಾಲ್ಕಕ್ಕೆ ತಂದೆ. ಶಾಖ ಏರಿದಂತೆ ಫ್ಯಾನಿನ ಸದ್ದೂ ಏರಿತು. ಹನ್ನೊಂದು ಗಂಟೆಗೆಲ್ಲಾ ನಾನು ರಾಜ.

ಆಮೇಲಿನದು ನಿನ್ನ ಕಾಲದ ಕೆಲಸ. ಒಂದೇ ಜೋಡಿ ತಂತಿ ಮೂರೂ ಮೀಟರುಗಳನ್ನು ಹಾದು ಆಫೀಸಿಗೆ ಹೋಗುತ್ತದೆ. ಕಂಪ್ಯೂಟರು ನಂಬರ್ ಹಿಡಿದು ಕೂಗುತ್ತದೆ, ಆ ನಂಬರಿನ ಮೀಟರ್ ಮಾತ್ರ ಓಗೊಡಬೇಕು. ನೀನು ಅಂಗಡಿಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟಿದ್ದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಮೀಟರು ಮಾತಾಡುವ ವೇಗ ಒಂಬತ್ತು ಸಾವಿರದ ಆರುನೂರು, ತಪ್ಪು ಹಿಡಿಯುವ ಪ್ಯಾರಿಟಿ ಬೇಡ. ಎರಡು ಸಾಲು ಓದಿ ಮೂರು ಮೀಟರಿಗೂ ಹಾಕಿದೆ. ಮೂರನೇ ಸಾಲಿಗೆ ಬರುವ ಮುಂಚೆಯೇ ನಂಬರ್ ಒತ್ತಲು ಕೂತೆ. ಏಕನಾಥಮ್ಮನವರ ಮೀಟರಿಗೆ ಒಂದು ಕೊಟ್ಟೆ. ಪಂಚಾಕ್ಷರಪ್ಪನವರ ಮೀಟರಿಗೆ ಎರಡು ಒತ್ತುವಾಗ ಅವರೇ ಬೆನ್ನ ಹಿಂದೆ ನಿಂತಿದ್ದರು. “ಏನ್ರೀ ಚಿತ್ರಲಿಂಗಪ್ಪ, ನಾನು ಎರಡನೇ ನಂಬರ್ರಾ?” ನಗುತ್ತಲೇ ಅಂದರು, ಆದರೆ ಕಣ್ಣು ನಗಲಿಲ್ಲ. ಹಾಲೇಶ್ ಇನ್ನೂ ಜೋರು: “ಮನ್ಯಾಗೂ ನಾನೇ ಕೊನೆ, ಮಿಲ್ನಾಗೂ ನಾನೇ ಕೊನೆ. ಹಾಕ್ರಿ ಹಾಕ್ರಿ!” ನಂಬರ್ ಅಂದರೆ ಬಾಗಿಲಿಗೆ ಅಂಟಿಸುವ ಚೀಟಿ ಇದ್ದ ಹಾಗೆ, ಗಿರಾಕಿಯ ಮನಸ್ಸು ಯಾಕೆ ನೋಯಿಸಬೇಕು ಅಂತ ಮೂರಕ್ಕೂ ಒಂದನೇ ನಂಬರನ್ನೇ ಕೊಟ್ಟುಬಿಟ್ಟೆ ಕಣಮ್ಮಾ! ಮೂವರೂ ಖುಷಿ.

ಒಂದೊಂದೇ ಜೋಡಿಸಿದರೆ ಮೀಟರುಗಳು ಚೆನ್ನಾಗಿ ಮಾತಾಡಿದವು. ಮೂರನ್ನೂ ಸೇರಿಸಿದೆ, ಪರದೆ ಮೇಲೆ ಬರೀ ಅಡ್ಡಗೆರೆ. ತಂತಿ ಅದಲುಬದಲು ಮಾಡಿದೆ. ಕೇಬಲ್ಲಿಗೆ ಬೈದೆ. ಏಕನಾಥಮ್ಮ ಬಂದು “ಒಳಗೆ ಕೊಬ್ರಿ ಐತೆ ಕಣಪ್ಪಾ, ಅದು ನಿನ್ನ ಮೀಟ್ರಿಗೆ ಕಾಯಲ್ಲ” ಅಂದರು. ನಿನಗೆ ಫೋನ್ ಮಾಡೋಣ ಅಂತ ಮೂರು ಸಲ ಕೈ ಜೇಬಿಗೆ ಹೋಯಿತು. ಮಗಳನ್ನು ಸೈಟಿಗೆ ಕರೆಯಲು ಹಿಂದೆಮುಂದೆ ನೋಡಿದವನು ಸೈಟಿನಿಂದ ಯಾವ ಮುಖ ಇಟ್ಟುಕೊಂಡು ಕೇಳಲಿ?

ಅಷ್ಟರಲ್ಲಿ ಎದುರು ಹೋಟೆಲಿನವನು ಬಾಗಿಲಲ್ಲಿ ನಿಂತು ಕೂಗಿದ: “ಯಜಮಾನ್ರೇ, ಟೀ ಎಷ್ಟ್ರೀ?”

“ನಾಕು!” “ಆರು ಕಳ್ಸಪ್ಪ!” “ಈಗ ಬ್ಯಾಡ!” ಮೂರು ಕೋಣೆಯಿಂದ ಮೂರು ದನಿ, ಒಂದೇ ಉಸಿರಿಗೆ. ಪಾಪ, ಅವನು ಏನೂ ತಿಳಿಯದೆ ಬಾಯಿ ಬಿಟ್ಟು ನಿಂತ. ಅವನ ಮುಖ ಥೇಟ್ ನಮ್ಮ ಕಂಪ್ಯೂಟರ್ ಪರದೆ!

ನಿನ್ನ ಹಾಳೆ ತೆಗೆದು ಮೂರನೇ ಸಾಲು ಓದಿದೆ. “ಒಂದೇ ಲೈನಿನಲ್ಲಿ ಇಬ್ಬರಿಗೆ ಒಂದೇ ನಂಬರ್ ಬೇಡ ಅಪ್ಪಾ. ನೀನು ದಾಕ್ಷಿಣ್ಯಕ್ಕೆ ಕೊಟ್ಟುಬಿಡ್ತೀಯ.” ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ಮೀಟರಿನ ಪುಸ್ತಕದಲ್ಲಿ ಇಲ್ಲದ ಸಾಲು ಅದು. ನನ್ನನ್ನು ಓದಿದವಳು ಮಾತ್ರ ಬರೆಯಬಲ್ಲ ಸಾಲು.

ಮೂವರನ್ನೂ ಕರೆದು ತಪ್ಪು ಒಪ್ಪಿಕೊಂಡೆ. ಏಕನಾಥಮ್ಮ ಕೊಬ್ಬರಿ ಚೀಲದ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನಂಗೆ ಕೊನೇದು ಕೊಡಪ್ಪ. ಪಂಕ್ತ್ಯಾಗೆ ಕೊನೆಗೆ ಕುಂತೋಳಿಗೂ ಪಾಯ್ಸ ಅಷ್ಟೇ ಸಿಹಿ” ಅಂದರು. ಈಗ ಶುರುವಾಯಿತು ನೋಡು ತಮ್ಮಂದಿರ ಜಗಳ! “ಅಕ್ಕಂಗೆ ಬ್ಯಾಡಾದ ಒಂದು ನಂಗ್ಯಾಕೆ?” ಅಂತ ಅಣ್ಣ, “ನಂಗೂ ಬ್ಯಾಡ, ನೀನೇ ಇಟ್ಕಾ” ಅಂತ ತಮ್ಮ. ಬೆಳಿಗ್ಗೆ ಎಲ್ಲರಿಗೂ ಬೇಕಾಗಿದ್ದ ಒಂದು ಮಧ್ಯಾಹ್ನ ಯಾರಿಗೂ ಬೇಡ. ಕೊನೆಗೆ ಎರಡು, ಮೂರು, ನಾಲ್ಕು ಕೊಟ್ಟು ಮುಗಿಸಿದೆ. ಆ ಮಿಲ್ಲಿನಲ್ಲಿ ಈಗ ಒಂದನೇ ನಂಬರೇ ಇಲ್ಲ. ಪರದೆ ಮೇಲೆ ಅರವತ್ತೊಂದು, ಅರವತ್ತಮೂರು, ಅರವತ್ತು ಅಂತ ಸಾಲಾಗಿ ಬಂದಾಗ ಹಾಲೇಶ್ ಸಿಳ್ಳೆ ಹೊಡೆದ.

“ಆ ಹಾಳೆ ಬರ್ದೋರು ಯಾರ್ರೀ?” ಅಂತ ಏಕನಾಥಮ್ಮ ಕೇಳಿದರು. “ನಮ್ಮ ಮಗಳು” ಅಂದೆ. ಅನ್ನುವಾಗ ಎದೆ ನಾಲ್ಕರಿಂದ ಸೀದಾ ಇಪ್ಪತ್ತಕ್ಕೆ ಹೋಯಿತು. “ಮತ್ಯಾಕ್ರೀ ನೀವೊಬ್ರೇ ಬಂದ್ರಿ?” ಅಂದರು. ಟೂಲ್ ಬ್ಯಾಗ್ ಎತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ದುರ್ಗದವರೆಗೂ ಆ ಮಾತೂ ನನ್ನ ಪಕ್ಕದ ಸೀಟಿನಲ್ಲೇ ಕೂತು ಬಂತು.

ಹನ್ನೊಂದನೇ ವಾಯ್ಸ್ ನೋಟ್ ಇಲ್ಲಿಗೆ ಮುಗಿಯಿತು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ರೂಮಿನ ಗೆಳತಿಗೂ ಚಟ್ನಿಪುಡಿ ಕೊಡು. ನಿಮ್ಮಮ್ಮನ ಮುತ್ತು ಈ ಕಾಗದದ ಮೂಲೆಯಲ್ಲಿದೆ, ಎಣ್ಣೆ ಕಲೆ ಅಂದುಕೊಳ್ಳಬೇಡ. ನೂರು ಕಾಲ ನಗುನಗುತ್ತಾ ಬಾಳು ತಾಯಿ.

ನಿನ್ನ ಅಪ್ಪ,
ಚಿತ್ರಲಿಂಗಪ್ಪ

ತಾ.ಕ.: ಬಸ್ಸಿಗೆ ಹೊತ್ತಾಯಿತು ಅಂತ ನಿಮ್ಮಮ್ಮ ಡಬ್ಬಿ ಮುಚ್ಚಳ ಹಿಡಿದು ನಿಂತಿದ್ದಾಳೆ. ಹೊಳಲ್ಕೆರೆಯ ಐಸ್ ಫ್ಯಾಕ್ಟರಿಯವರು ಡಿಸೆಂಬರಿನಲ್ಲಿ ಐದು ಮೀಟರ್ ಜೋಡಿಸಬೇಕು, ಯಾರು ಬರ್ತೀರಿ ಅಂತ ಕೇಳಿದರು. “ನಮ್ಮ ಮಮತಾ ಬರ್ತಾಳ್ರಿ. ಟೂಲ್ ಬ್ಯಾಗ್ ಹಿಡ್ಕಂಡು ನಾನೂ ಬರ್ತೀನಿ” ಅಂದುಬಿಟ್ಟೆ. ಕೇಳದೆ ಅಂದಿದ್ದು ತಪ್ಪು. ಪುಣೆಯೇ ಬೇಕು ಅನ್ನಿಸಿದರೆ ಹೋಗು, ನಾನೇ ಬಸ್ಸು ಹತ್ತಿಸುತ್ತೇನೆ. ಆದರೆ ಇಪ್ಪತ್ತರೊಳಗೆ ಅವರಿಗೆ ಹೇಳುವ ಮುಂಚೆ ಇದು ಗೊತ್ತಿರಲಿ: ಅಂಗಡಿಯಲ್ಲಿ ನನ್ನ ಸುತ್ತುವ ಕುರ್ಚಿ ಬಿಟ್ಟು ಪಕ್ಕದ ಸ್ಟೂಲಿಗೆ ಬಂದಿದ್ದೇನೆ. ನಾನು ಎರಡು. ಒಂದು ಖಾಲಿ ಇದೆ.