ಸಫ್ತಾಳ ಉಗುರು

ಅಮ್ಮಾ,

ಇವತ್ತು ಪಕ್ಕದ ಮನೆ ಸಫ್ತಾ ಸತ್ತ ನಲವತ್ತನೇ ದಿನ. ನೀನು ತೀರಿಹೋಗಿ ಆರು ವರ್ಷವಾದರೂ ಇದನ್ನು ಹೇಳಿಕೊಳ್ಳೋಕೆ ನನಗೆ ಬೇರೆ ಯಾರೂ ಇಲ್ಲ.

ಅವತ್ತು ಬೆಳಿಗ್ಗೆ ಮೊಟ್ಟೆ ಕೊಡೋಕೆ ಅಂತ ಹೋಗಿದ್ದೆ. ಅಡುಗೆಮನೆಯಲ್ಲಿ ಬಿದ್ದಿದ್ದಳು. ಕುತ್ತಿಗೆ ಸುತ್ತ ಬೆರಳಿನ ಗುರುತು. ಕೂಗಿಕೊಳ್ಳಬೇಕಿತ್ತು, ಓಡಬೇಕಿತ್ತು. ನಾನು ನೀರು ಕಾಯಿಸಿದೆ. ಪ್ರೂಟ್ ಹೊಳೆಯ ಈಚೆ ದಂಡೆಯಲ್ಲಿ ಸತ್ತವರನ್ನೆಲ್ಲ ತೊಳೆದ ಕೈ ಇದು, ನೀನು ಪಳಗಿಸಿದ ಕೈ. ಮೇಣದಬತ್ತಿ ಹಚ್ಚಿಟ್ಟು, ಮುಖ ಒರೆಸಿ, ಉಗುರಿನ ಸಂದಿಯನ್ನೆಲ್ಲ ಕಡ್ಡಿಯಿಂದ ಕೆರೆದು ಶುಚಿ ಮಾಡಿದೆ. ದೇವರ ಮುಂದೆ ಕೊಳಕಾಗಿ ನಿಲ್ಲಬಾರದು ಅಂತಿದ್ದೆಯಲ್ಲ.

ಆಮೇಲೆ ಬಂದ ಪೊಲೀಸಿನವನು ಹಣೆ ಚಚ್ಚಿಕೊಂಡ. "ಅಜ್ಜೀ, ಕೊಂದವನ ಚರ್ಮ ಆ ಉಗುರಲ್ಲೇ ಇತ್ತು. ಅದನ್ನೇ ಬಚ್ಚಲಿಗೆ ಚೆಲ್ಲಿಬಿಟ್ಟೆಯಲ್ಲ."

ಅವಳ ಗಂಡ ನೆಕುಲಾಯ್‌ನನ್ನು ಹಿಡಿದರು, ಸಾಕ್ಷಿ ಇಲ್ಲ ಅಂತ ಬಿಟ್ಟರು. ಅವನ ಕೆನ್ನೆಯ ಗೀರು ಅಷ್ಟರಲ್ಲಿ ಮಾಸಿತ್ತು.

ಇವತ್ತು ಚರ್ಚಿನ ಅಂಗಳದಲ್ಲಿ ಅವಳ ಹೆಸರಲ್ಲಿ ಬೇಯಿಸಿದ ಸಿಹಿ ಗೋಧಿಯನ್ನು ಅವನೇ ಹಂಚಿದ. ನನ್ನ ಬಟ್ಟಲಿಗೆ ಒಂದು ಚಮಚ ಜಾಸ್ತಿ ಹಾಕಿದ. "ತಗೋ ಅಕ್ಕಾ. ನನ್ನ ಹೆಂಡತೀನ ಎಷ್ಟು ಚೆನ್ನಾಗಿ ತೊಳೆದುಕೊಟ್ಟೆ."

ಸತ್ತವರ ಹೆಸರಲ್ಲಿ ಕೊಟ್ಟಿದ್ದನ್ನು ಬೇಡ ಅನ್ನಬಾರದು ಅಂತ ಕಲಿಸಿದವಳೂ ನೀನೇ.

ತಿಂದೆ ಅಮ್ಮಾ. ಅವನ ಎದುರಿಗೇ ನಿಂತು, ಪೂರ್ತಿ ತಿಂದೆ.