ನಿನ್ನ ಭಾವನ ಗಂಟಲಲ್ಲಿ ಇನ್ನೊಬ್ಬ

ನವೆಂಬರ್ ೧೧, ಭಾನುವಾರ

ನನ್ನ ಮುದ್ದಿನ ಚೋಟಮ್ಮಾ,

ಹೇಗಿದ್ದೀಯ? ಮಂಡಿನೋವು ಇಳಿಯಿತಾ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ. ಬೈದುಕೊಂಡಿರುತ್ತೀಯ, ಇನ್ನೂ ಸ್ವಲ್ಪ ಬೈದುಕೋ. ಪೆನ್ನು ಹಿಡಿದಾಗಲೆಲ್ಲ ಎಲ್ಲಿಂದ ಶುರು ಮಾಡಲಿ ಅಂತ ಕೈ ನಿಂತುಬಿಡುತ್ತಿತ್ತು. ಇವತ್ತು ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಭಾವನಿಗೆ ಅವರ ದನಿ ವಾಪಸು ಬರಬೇಕು ಕಣೇ. ನನಗೆ ಬೇರೇನೂ ಬೇಡ.

ಆ ಗಾಯಕ ತೀರಿಕೊಂಡ ದಿನ ಇಲ್ಲಿ ಏನಾಯಿತು ಅಂತ ಕೇಳಿದ್ದೆಯಲ್ಲ. ನಮ್ಮ ಲಾಂಡ್ರಿಯಲ್ಲಿ ಬಾಯ್ಲರನ್ನೇ ಆರಿಸಿಬಿಟ್ಟರು. ಯಾರ ಮದುವೆಗೂ ರಜೆ ಕೊಡದ ನಮ್ಮ ಮಾಲೀಕರು ಒಗೆಯಲು ಬಂದ ಯಾರದೋ ದಿಂಬಿನ ಚೀಲದಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವನ ಹಾಡು ಕೇಳಿದರೆ ತನ್ನ ಹೆಸರು ಅವನಿಗೆ ಗೊತ್ತಿದೆ ಅನಿಸುತ್ತಿತ್ತಂತೆ, ಕೆಳಮನೆಯ ನರ್ಸಮ್ಮನಿಗೆ. ಅವರೊಬ್ಬರೇ ಅಲ್ಲ, ಕೇಳಿದವರೆಲ್ಲ ಅದನ್ನೇ ಹೇಳುತ್ತಾರೆ, ಅವನು ನನಗೊಬ್ಬಳಿಗೇ ಹಾಡುತ್ತಿದ್ದ ಅಂತ. ನೀನೇನು ಕಡಿಮೆಯಾ, ಅವನ ಫೋಟೋವನ್ನು ಕಪಾಟಿನ ಬಾಗಿಲ ಒಳಗಡೆ ಅಂಟಿಸಿಕೊಂಡಿದ್ದವಳು. ನಮ್ಮ ಬೀದಿಯಲ್ಲಿ ಅವನ ಹಾಡು ಸೇರದವರು ಅಂದರೆ ನಿನ್ನ ಭಾವ ಒಬ್ಬರೇ. ಅದೇನು ಹಾಡಾ, ನೆಗಡಿ ಬಂದವನ ನರಳಾಟ ಅನ್ನುತ್ತಿದ್ದರು.

ಇವರ ದನಿ ನಿನಗೆ ನೆನಪಿದೆಯಲ್ಲ, ತುಕ್ಕು ಹಿಡಿದ ಗೇಟು ಅಂತ ಹೆಸರಿಟ್ಟವಳೇ ನೀನು. ಅವನು ಸತ್ತ ಮುಂದಿನ ವಾರ ಬೆಳಿಗ್ಗೆ ಬಚ್ಚಲಿನಿಂದ ಅವನ ಹಾಡು ಕೇಳಿತು. ರೇಡಿಯೋ ಅಂದುಕೊಂಡೆ. ನಮ್ಮ ರೇಡಿಯೋ ರಿಪೇರಿಗೆ ಹೋಗಿತ್ತು. ಹೋಗಿ ನೋಡಿದರೆ ಇವರು ಕನ್ನಡಿ ಮುಂದೆ ಬ್ಲೇಡು ಹಿಡಿದು ನಿಂತಿದ್ದಾರೆ, ಕೆನ್ನೆ ತುಂಬ ನೊರೆ, ಕಣ್ಣು ತುಂಬ ಹೆದರಿಕೆ.

"ನಾನಲ್ಲ ಕಣೇ," ಅಂದರು. ಅದನ್ನು ಅಂದದ್ದೂ ಅವನ ದನಿಯಲ್ಲೇ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಟಾರ್ಚು ಬಿಟ್ಟು ನೋಡಿ, ಗಂಟಲು ಮಗುವಿನದರ ಹಾಗಿದೆ ಅಂದರು. ಆಮೇಲೆ ಎದ್ದು ಬಾಗಿಲು ಹಾಕಿ ಬಂದು, ಒಂದು ಸಾಲು ಹಾಡುತ್ತೀರಾ ಅಂತ ಮೆಲ್ಲಗೆ ಕೇಳಿದರು.

ಲಾಂಡ್ರಿಯಲ್ಲಿ ಆದದ್ದು ಕೇಳು. ಹಾಸುವ ದುಪ್ಪಟಿ ಮಡಿಸುವುದು ಇಬ್ಬರ ಕೆಲಸ. ಒಂದು ತುದಿ ನಿನ್ನ ಭಾವನದು, ಒಂದು ನನ್ನದು. ಅವರು 'ಎಳಿ' ಅಂದರೆ ಎಳೆಯಬೇಕು, 'ಬಾ' ಅಂದರೆ ತುದಿ ಹಿಡಿದು ಎದುರಿಗೆ ನಡೆಯಬೇಕು. ಹಬೆಯಲ್ಲಿ ಮುಖ ಕಾಣುವುದಿಲ್ಲ, ದನಿ ನಂಬಿಯೇ ನಡೆಯಬೇಕು. ಮದುವೆಯಾದಂದಿನಿಂದ ಹಾಗೆ ನಡೆದಿದ್ದೇನೆ. ಹೋದ ವಾರ ಅವರು 'ಬಾ' ಅಂದರು. ನಾನು ಹೆಜ್ಜೆ ಇಟ್ಟೆ. ಆಚೆಗೂ ಈಚೆಗೂ ಬೇರೆ ಹೆಜ್ಜೆಗಳು ಕೇಳಿದವು. ಸಾಲಿನ ಹೆಂಗಸರೆಲ್ಲ ತಮ್ಮ ತಮ್ಮ ದುಪ್ಪಟಿ ನೆಲಕ್ಕೆ ಬಿಟ್ಟು, ಬರಿಗೈ ಮುಂದೆ ಚಾಚಿಕೊಂಡು ಹಬೆಯೊಳಗಿಂದ ಅವರ ಕಡೆ ನಡೆದು ಬರುತ್ತಿದ್ದರು. ಇಸ್ತ್ರಿ ಅಜ್ಜಿ ಕಾದ ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಬಂದಿದ್ದಳು. ಸುಟ್ಟ ವಾಸನೆ ಬಂದ ಮೇಲೇ ಎಲ್ಲರೂ ನಿಂತದ್ದು. ಯಾರೂ ನಗಲಿಲ್ಲ. ನಮ್ಮ ಜನ ಹೇಗೆ ಅಂತ ನಿನಗೆ ಗೊತ್ತಲ್ಲ, ಸೀನಿದರೂ ನಗುವವರು.

ಈಗ ಅವರು ಬಾಯಿ ಬಿಡುವುದೇ ಇಲ್ಲ, ಬರೀ ಕೈಸನ್ನೆ. ನಮ್ಮ ಮನೆಯ ಮೆಟ್ಟಿಲ ಮೇಲೆ ಮಾತ್ರ ಜನ ತಪ್ಪುವುದಿಲ್ಲ. ಚಪ್ಪಲಿ ಬಿಟ್ಟು ಸಾಲಾಗಿ ಕೂರುತ್ತಾರೆ. ಆಗಾಗ ಒಬ್ಬರು ಎದ್ದು ಕರೆಗಂಟೆ ಒತ್ತುತ್ತಾರೆ, ಒಳಗಿನಿಂದ ಇವರು 'ಯಾರು' ಅಂದಾರು ಅಂತ. ಅಷ್ಟು ಸಾಕಂತೆ ಅವರಿಗೆ. ನರ್ಸಮ್ಮನನ್ನು ತರಾಟೆಗೆ ತೆಗೆದುಕೊಂಡೆ, ಒಳಗಿರುವುದು ನನ್ನ ಗಂಡ ಅಂದೆ. "ನಿಮ್ಮ ಗಂಡ ಯಾವಾಗಲೂ ಇರ್ತಾರಲ್ಲಮ್ಮ," ಅಂದರು, ತುಂಬ ಮರ್ಯಾದೆಯಿಂದ. ಇವರು ಊಟ ಮಾಡಿದರಾ, ನಿದ್ದೆ ಮಾಡಿದರಾ ಅಂತ ಒಬ್ಬರಾದರೂ ಕೇಳಿಲ್ಲ.

ಯಾರ ಬಾಯಿಂದ ಸುದ್ದಿ ಬಂತೋ, ಭಾವನನ್ನು ಒಂದು ಸಲ ಫೋನಿಗೆ ಕರಿ ಅಂತ ನೀನೂ ಬರೆದಿದ್ದೀಯ. ಕೋಪ ಮಾಡಿಕೊಳ್ಳಬೇಡ, ಕರೆಯುವುದಿಲ್ಲ. ಆ ಗೇಟು ಮತ್ತೆ ಕಿರುಗುಟ್ಟಿದ ದಿನ ನಾನೇ ಫೋನು ಮಾಡುತ್ತೇನೆ.

ಮಕ್ಕಳ ತಲೆ ಸವರಿದೆ ಅಂತ ಹೇಳು. ನಿನ್ನ ಮನೆ ತಣ್ಣಗಿರಲಿ, ನಿನ್ನವರು ನಿನ್ನವರಾಗಿಯೇ ಇರಲಿ.

ನಿನ್ನ ಅಕ್ಕ

ಮತ್ತೆ ಬರೆದದ್ದು: ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ. ಮೊನ್ನೆ ಗುರುವಾರ ಅವರ ದನಿ ಬಂದಿತ್ತು, ಚೋಟಮ್ಮಾ. ಕಾಫಿ ಕುಡಿಯುತ್ತಿದ್ದವರು ಲೋಟ ಇಳಿಸಿ, "ಸರಿಹೋಯ್ತು ಕಣೇ, ನಾನೇ ಮಾತಾಡ್ತಿದೀನಿ," ಅಂದರು. ಅದೇ ತುಕ್ಕು, ಅದೇ ಕಿರುಗು. ಕಣ್ಣಲ್ಲಿ ನೀರು ಬಂದಿತ್ತು ಅವರಿಗೆ. ನಾನು ಏನಂದೆ ಗೊತ್ತಾ?

"ಅವನ ದನಿ ಪೂರ್ತಿ ಹೋಗೋಕೆ ಮುಂಚೆ, ಒಂದೇ ಒಂದು ಸಲ ಆ ದನೀಲಿ ನನ್ನ ಹೆಸರು ಕರೀರಿ."

ಕಣ್ಣೊರೆಸಿಕೊಂಡರು. ಆಮೇಲೆ ಕರೆದರು. ಅವರ ಸ್ವಂತ ದನಿ ಆಮೇಲೆ ಬಂದಿಲ್ಲ.

ಎಷ್ಟು ಚೆನ್ನಾಗಿ ಕರೆದರು ಅಂತೀಯ.